ಗುರುವಿನ ಕೆಮ್ಮು

ಝಾಪರ್ ಹಾಡುತ್ತ ಹಾಡುತ್ತ ಕೆಮ್ಮಿಬಿಟ್ಟ. ನೆಗಡಿಯ ಕೆಮ್ಮಲ್ಲ. ನಾಲ್ಕನೆಯ ಸಾಲಿನ ಕೊನೆಗೆ, ತಾಳಕ್ಕೆ ಸರಿಯಾಗಿ ಬಂದ ಅದು, ಸತ್ತು ವರ್ಷವಾಗಿದ್ದ ಗುರು ಎಸೆನ್‌ಕುಲ್‌ನ ಒಣಕೆಮ್ಮು. ಮುದುಕನ ವರ್ಷದ ಊಟಕ್ಕೆ ನಾರಿನ್ ಕಣಿವೆಯ ಊರೂರಿನಿಂದ ಬಂದು, ಕುದುರೆ ಮಾಂಸ ತಿಂದು ಕೂತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ಹಾಡಿಗೆ ಸೇರಿದ್ದಲ್ಲ ಎಂದು ಝಾಪರ್‌ಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಚಿಕ್ಕಂದಿನಿಂದ ಮುದುಕನ ಕುರಿ ಕಾಯುತ್ತ, ಅವನು ಹಾಡಿದ್ದನ್ನೆಲ್ಲ ಹಾಗೇ ನುಂಗಿದವನು. ಬಾಯಿಪಾಠ ತಪ್ಪಿದರೆ ಮೀನಖಂಡಕ್ಕೆ ಚಾವಟಿಯ ಪಾಠ. ಕೆಮ್ಮಿನ ಜಾಗ ಹಾರಿಸಿದರೆ ತಾಳ ಕೆಡುತ್ತಿತ್ತು, ಅದಕ್ಕೂ ಏಟು. ಗುರು ಹೋದರೂ ಗುರುತು ಉಳಿದಿತ್ತು.

ಅವತ್ತಿನ ಪಂದ್ಯ ಗುರುವಿನ ಮೂರು ತಂತಿಯ ಕೋಮುಜ್ ವಾದ್ಯಕ್ಕಾಗಿ. ಅದು ಯಾರಿಗೆ ಸಿಗುತ್ತದೋ ಅವನೇ ವಾರಸುದಾರ. ಎದುರೆದುರು ಕೂತು ಅಲ್ಲೇ ಸ್ವಂತ ಹಾಡು ಕಟ್ಟಬೇಕು. ಯಾರ ತಂತಿ ನಿಂತಿತೋ ಅವನು ಸೋತ. ಎದುರಿಗೆ ಕೂತಿದ್ದವನು ಮುದುಕನ ಮಗ ಕಾಚ್ಕಿನ್.

"ಸತ್ತಿರೋ ನಮ್ಮಪ್ಪನ್ನ ಅಣಕಿಸ್ತೀಯೇನೋ, ಕುರಿ ಕಾಯೋನೆ?"

"ಅಣಕಿಸ್ಲಿಲ್ಲ ಕಣೋ. ಅವರು ಹೇಳ್ಕೊಟ್ಟಿದ್ದೇ ಹಾಗೆ."

"ಕೆಮ್ಮನ್ನೂ ಹೇಳ್ಕೊಟ್ರಾ? ಹೆತ್ತ ಮಗನಿಗೆ ಬರೀ ಒದೆ ಕೊಟ್ರಲ್ಲೋ!"

ಕಾಚ್ಕಿನ್ ತನ್ನ ವಾದ್ಯ ಬಿಸಾಡಿ ಚಾವಟಿ ಬೀಸಿದ. ಝಾಪರ್‌ನ ಕೆನ್ನೆ ಸೀಳಿತು. ಅವನು ಹಾರಿ ಕಾಚ್ಕಿನ್‌ನ ಕಿವಿ ಕಚ್ಚಿದ. ರಕ್ತದ ಉಪ್ಪು ನಾಲಿಗೆಗೆ ತಾಗಿತು. ಕಿರುಚಿಕೊಂಡ ಕಾಚ್ಕಿನ್ ಅವನನ್ನು ಕೆಡವಿ, ಬೂಟುಗಾಲಿನಿಂದ ಬಾಯಿಗೇ ಒದ್ದ. ಮತ್ತೆ ಒದ್ದ. ಮುಂದಿನ ಹಲ್ಲುಗಳು ಹುಲ್ಲಿನ ಮೇಲೆ ಬಿದ್ದವು. ಇಷ್ಟರಲ್ಲೂ ಝಾಪರ್‌ನ ಹೆಬ್ಬೆರಳು ಎದೆಗವಚಿದ ತನ್ನ ಕೋಮುಜ್‌ನ ತಂತಿ ಮೀಟುತ್ತಲೇ ಇತ್ತು.

"ತಂತಿ ನಿಂತಿಲ್ಲ ಕಣ್ರೋ!" ತೀರ್ಪಿಗೆ ಕೂತಿದ್ದ ಬಿಳಿಗಡ್ಡದ ಹಿರಿಯ ಕೂಗಿದ. "ಆ ಗೂಳಿನ ಹಿಡ್ಕೊಳ್ಳಿ. ಇವನು ಹಾಡು ಮುಗಿಸ್ಲಿ!"

ಝಾಪರ್ ರಕ್ತ ಉಗಿದು ಮುಂದುವರಿಸಿದ. ನಾಲ್ಕನೆಯ ಸಾಲಿನ ಕೊನೆಗೆ ಕೆಮ್ಮು ಬರಲಿಲ್ಲ. ಹಲ್ಲಿಲ್ಲದ ಸಂದಿಯಿಂದ ಕಣಿವೆಯ ಗಾಳಿಯಂಥ ಸಿಳ್ಳೆಯೊಂದು ಹೊರಟಿತು. ಅದರಲ್ಲಿ ಮುದುಕ ಎಲ್ಲೂ ಇರಲಿಲ್ಲ. ಯಾರೂ ನಗಲಿಲ್ಲ. ಗುರುವಿನ ಕೋಮುಜ್ ಅವನ ಮಡಿಲಿಗೆ ಬಂತು.

ಈಗ ಝಾಪರ್‌ಗೂ ಗಡ್ಡ ನೆರೆತಿದೆ. ಅವನ ಶಿಷ್ಯರೆಲ್ಲ ಬಾಯ್ತುಂಬ ಹಲ್ಲಿದ್ದೂ ಸಾಲಿನ ಕೊನೆಗೆ ಕಷ್ಟಪಟ್ಟು ಸಿಳ್ಳೆ ಹಾಕುತ್ತಾರೆ. ಹೋದ ಬೇಸಿಗೆ ರೇಡಿಯೋದ ಹುಡುಗಿಯೊಬ್ಬಳು ಬಂದು, ಮೈಕು ಹಿಡಿದು ಭಕ್ತಿಯಿಂದ ಕೇಳಿದಳು: "ತಾತಾ, ನಿಮ್ಮ ಈ ಸಿಳ್ಳೆ ಯಾವ ಪರಂಪರೆಯದು?"

ಝಾಪರ್ ಮೈಕಿನತ್ತ ಬಾಗಿದ.

"ಪರಂಪರೆ ಗಿರಂಪರೆ ಏನಿಲ್ಲ ಮಗಳೇ. ಹಲ್ಲು ಕಟ್ಟಿಸ್ಕೊಳ್ಳೋಕೆ ಇನ್ನೂ ಪುರುಸೊತ್ತಾಗಿಲ್ಲ."