ತಾಳ ತಪ್ಪಿದ್ದು ಯಾರು?

ಗೆಳೆಯರೇ, ದಾಂಡೇಲಿಯ ನಮ್ಮ ಹಳೆಯ ರಾಕ್ ಬ್ಯಾಂಡ್ ರೆಕಾರ್ಡ್ ಮಾಡಿಯೂ ಹೊರಗೆ ಬಿಡದ ಹಾಡುಗಳನ್ನು ಈಗ ಆಲ್ಬಮ್ ಮಾಡುತ್ತಿದ್ದೇವೆ. ಅವುಗಳಲ್ಲಿ ಒಂದನ್ನು ಆಗ ಕೈಬಿಟ್ಟವನು ನಾನೇ. ಡ್ರಮ್ಮರ್ ಸಾಂತಾನ್ ತಾಳ ತಪ್ಪಿಸಿದ ಎಂದು ಎಲ್ಲರೆದುರು ಬೈದಿದ್ದೆ. ಅವನು ಬ್ಯಾಂಡನ್ನೇ ಬಿಟ್ಟುಹೋದ. ಮೊನ್ನೆ ಮತ್ತೆ ಕೇಳಿದಾಗ ಗೊತ್ತಾಯಿತು, ಅವಸರದಲ್ಲಿ ತಾಳಕ್ಕಿಂತ ಮುಂದೆ ಓಡಿದ್ದು ನನ್ನ ಗಿಟಾರ್. ಅವನ ಡ್ರಮ್ ಒಂದಿಷ್ಟೂ ಕದಲಿರಲಿಲ್ಲ.

ಇಂದು ಅವನಿರುವ ಮಳಗಿ ಊರಿಗೆ ಹೋಗಿ, ಅವನ ಹೊಲದ ಬದುವಿನ ಮೇಲೆ ಕೂತು ಹಾಡನ್ನು ಫೋನಿನಲ್ಲಿ ಕೇಳಿಸಿದೆ.

"ತಪ್ಪು ನಂದಪಾ, ಸಾಂತಾನ್. ಇದನ್ನ ಆಲ್ಬಮ್‌ನ್ಯಾಗ ಹಾಕಲೇನು?"

ಅವನು ಕೊನೆಯವರೆಗೂ ಕೇಳಿ ಹೇಳಿದ, "ಹಾಕು. ಆದ್ರ ಕಂಪ್ಯೂಟರ್‌ನ್ಯಾಗ ನಿನ್ನ ಗಿಟಾರ್ ತಿದ್ದಬ್ಯಾಡ. ಹೆಂಗ ಐತಿ ಹಂಗ ಇರಲಿ."

ಒಪ್ಪಿ ಬಂದಿದ್ದೇನೆ. ಆಲ್ಬಮ್‌ನ ನಾಲ್ಕನೆಯ ಹಾಡಿನಲ್ಲಿ ಓಡುತ್ತಿರುವವನು ನಾನು. ದಯವಿಟ್ಟು ಡ್ರಮ್ಮರನನ್ನು ಬೈಯಬೇಡಿ.