ಕಿಟಕಿಯಲ್ಲಿಟ್ಟ ಬಾಟಲಿ

ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಬಂದವರು ಮೊದಲು ಕೈಹಾಕುವುದು ಕಿಟಕಿಯಲ್ಲಿಟ್ಟ ಔಷಧಿಗೆ. ಓದಲು ಬರಲಿ ಬಿಡಲಿ, ತಿರುಗಿಸಿ ನೋಡದೆ ಕೂರುವುದಿಲ್ಲ. ಎಪ್ಪತ್ತರ ದಶಕದ ಕೊನೆ, ದಾವಣಗೆರೆಯ ಕೆ.ಬಿ. ಬಡಾವಣೆಯ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆಗೆ ಉಬ್ಬಸ. ದೊಡ್ಡ ಕಂಪನಿಯ ಗುಳಿಗೆಗೆ ನನ್ನ ಗಂಡನ ಮಿಲ್ಲಿನ ಸಂಬಳ ಎಲ್ಲಿ ಸಾಲಬೇಕು? ಡಾಕ್ಟರೇ ಹೇಳಿದರು: “ಅದರ ಪೇಟೆಂಟ್ ಮುಗ್ದು ಭಾಳ ದಿನ ಆತಮ್ಮ. ಸಣ್ಣ ಕಂಪ್ನಿಯವ್ರೂ ಅದನ್ನೇ ಮಾಡ್ತಾರೆ. ಬರೀ ಹೆಸ್ರಿಗೆ ಯಾಕ ರೊಕ್ಕ ಸುರೀತೀರಿ?”

ಸಣ್ಣ ಕಂಪನಿಯದನ್ನೇ ತಂದೆವು. ಅತ್ತೆ ಸಲೀಸಾಗಿ ಉಸಿರಾಡಿದರು.

ಅಷ್ಟರಲ್ಲಿ ಹರಿಹರದಿಂದ ನಾದಿನಿ ಬಂದಳು. ಗುಳಿಗೆಯ ಕಾಗದದ ಪೊಟ್ಟಣ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ, “ನಮ್ಮವ್ವಗೆ ಇಂಥ ಅಗ್ಗದ್ದು ತಂದೀರಲ್ಲ ಅತ್ತಿಗಿ! ನಮ್ಮೂರಾಗೆ ದನಕ್ಕೂ ಹಾಕಲ್ಲ ಇದನ್ನ” ಎಂದಳು. ಅಕ್ಕಪಕ್ಕದವರೂ ಕೂತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ದೊಡ್ಡ ಕಂಪನಿಯ ಹಳೆಯ ಬಾಟಲಿಯಲ್ಲಿ ಮೆಂತ್ಯ ಹಾಕಿಟ್ಟಿದ್ದೆ. ಮೆಂತ್ಯ ಸುರಿದು, ಗುಳಿಗೆ ತುಂಬಿ, ಹೆಸರು ಕಾಣುವಂತೆ ಕಿಟಕಿಯಲ್ಲಿಟ್ಟೆ. ಎರಡೂ ಬಿಳಿ ಗುಳಿಗೆಯೇ, ಯಾರಿಗೆ ಗೊತ್ತಾಗಬೇಕು? ಅತ್ತೆಗೂ ಹೇಳಲಿಲ್ಲ. ಬಂದವರು ಹೊಗಳಿದ್ದೇ ಹೊಗಳಿದ್ದು. “ಎಂಥ ತುಟ್ಟಿ ಗುಳಿಗಿ! ಸೊಸಿ ಅಂದ್ರ ಹಿಂಗಿರ್ಬೇಕು.” ನಾನೂ ಮಾನಗೆಟ್ಟು ಹಲ್ಲು ಕಿರಿದೆ. ಶಾಮನೂರಿನ ನೆಂಟರೊಬ್ಬರು ತಮ್ಮವರಿಗೂ ಆ ಕಂಪನಿಯದೇ ಬೇಕೆಂದು ಅಂಗಡಿಗೆ ಹೋದರು. ನಮ್ಮಂಥವರು ಇರುವಾಗ ಆ ಕಂಪನಿ ಬೆಲೆ ಯಾಕೆ ಇಳಿಸೀತು?

ಆದರೆ ಅತ್ತೆಯ ಉಬ್ಬಸ ಮತ್ತೆ ಏರತೊಡಗಿತು. ಅಗ್ಗದ್ದು ಕೈಕೊಟ್ಟಿತೇನೋ ಎಂದು ಹೆದರಿದೆ. ಒಂದು ಮಧ್ಯಾಹ್ನ ಉಸಿರೇ ಸಿಗದೆ ಅವರ ಮುಖ ಕಪ್ಪಿಟ್ಟಿತು. ಆಸ್ಪತ್ರೆಗೆ ಓಡಿದೆವು, ಸುದ್ದಿ ತಿಳಿದು ನಾದಿನಿಯೂ ಬಂದಳು. ಇಂಜೆಕ್ಷನ್ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಕೇಳಿದರು: “ಗುಳಿಗಿ ಸರಿಯಾಗಿ ತಗೊಂಡ್ರೇನಮ್ಮ?”

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಅರ್ಧರ್ಧ ಮುರಿದ ಗುಳಿಗೆಗಳು.

“ಭಾಳ ತುಟ್ಟಿ ಐತೆ ಅಂತಾರಲ್ಲ ಎಲ್ಲಾರೂ” ಎಂದು ನನ್ನ ಕಡೆ ನೋಡಿದರು. “ಮಗನ ದುಡಿಮಿ ಎಲ್ಲಾ ನಾನೇ ನುಂಗಿದ್ರೆ ನೀವು ಉಣ್ಣೋದು ಹೆಂಗೆ? ಅರ್ಧ ಉಳಿಸೀನಿ, ತಗಳವ್ವಾ. ಕೆಟ್ಟಿಲ್ಲ.”

ಅದು ಅಗ್ಗದ್ದೇ ಅತ್ತೆ, ಪೂರಾ ನುಂಗಿರಿ ಎನ್ನಲು ಬಾಯಿ ತೆರೆದೆ. ಎದುರಿಗೆ ನಾದಿನಿ ನಿಂತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು! ಆಗಲೂ ಮಾತು ಹೊರಡಲಿಲ್ಲ. ಸೆರಗೊಡ್ಡಿ ಆ ಚೂರುಗಳನ್ನು ತೆಗೆದುಕೊಂಡೆ.