ರಾಗಿಕಾಳಿನಷ್ಟು ಉಳಿದಿತ್ತು

"ಫ್ಯಾನ್ ಆರ್ಸಿ ಸಾಮಿ. ಮಾತಾಡೋದಾದ್ರೆ ಆ ಕಡೆ ತಿರುಗಿ ಮಾತಾಡಿ. ನಿಮ್ಮ ಉಸಿರಿಗೇ ಈ ಪದರ ಆರೋಗ್ತದೆ."

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂಗಾರಪೇಟೆ ರೈಲು ನಿಲ್ದಾಣದ ಹಿಂದಿನ ಬೀದಿಯ ಸಣ್ಣ ಪ್ರಯೋಗಾಲಯದಲ್ಲಿ, ಕೆಲಸ ನೋಡಲು ಬಂದ ನನಗೆ ಹೀಗೆ ಹೇಳಿ ರಾಧಾಮಣಿ ಯಂತ್ರದ ಕೈಚಕ್ರ ತಿರುಗಿಸುತ್ತಿದ್ದಾರೆ. ಆಸ್ಪತ್ರೆಗಳಲ್ಲಿ ತೆಗೆದ ಗಡ್ಡೆಯ ಚೂರನ್ನು ಇಲ್ಲಿ ಮೇಣದಲ್ಲಿ ಹುದುಗಿಸುತ್ತಾರೆ. ಮೇಣದ ಅಚ್ಚು ಅಲಗಿಗೆ ತಾಗಿ, ಈರುಳ್ಳಿಯ ಒಳಪೊರೆಗಿಂತ ತೆಳುವಾದ ಪದರ ಬಿಡುತ್ತದೆ. ಅದನ್ನು ಕುಂಚದಿಂದ ಎತ್ತಿ, ಬೆಚ್ಚನೆಯ ನೀರಿನಲ್ಲಿ ತೇಲಿಸಿ, ಗಾಜಿನ ಮೇಲೆ ಹಿಡಿಯುತ್ತಾರೆ. ದಿನಕ್ಕೆ ನೂರಕ್ಕೂ ಹೆಚ್ಚು ಗಾಜು.

ಇಂದಿನ ಅಚ್ಚು ಕಾಮಸಮುದ್ರದ ಕಡೆಯ ಕಾಲೇಜು ಹುಡುಗಿ ಲಿಖಿತಳದು, ಮೆದುಳಿನ ಗಡ್ಡೆ. ಸೂಕ್ಷ್ಮದರ್ಶಕದಲ್ಲಿ ಅದು ಬೇಗ ಹಬ್ಬುವ ಕೆಟ್ಟ ಜಾತಿಯಂತೆ ಕಾಣುತ್ತದೆ. ಆದರೆ ಹಾಗೆಯೇ ಕಾಣುವ, ನಿಧಾನವಾಗಿ ಬೆಳೆಯುವ ಅಪರೂಪದ ಗಡ್ಡೆಯೊಂದಿದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ಯಾವುದೆಂದು ಡಿ.ಎನ್.ಎ. ಪರೀಕ್ಷೆಯೇ ಹೇಳಬೇಕು. ಅಚ್ಚಿನಲ್ಲಿ ಉಳಿದಿರುವುದು ರಾಗಿಕಾಳಿನಷ್ಟು. ಯಂತ್ರಕ್ಕೆ ಕೂರಿಸುವಾಗ ಸ್ವಲ್ಪ ಓರೆಯಾದರೂ ಅದು ವ್ಯರ್ಥ. ಆಮೇಲೆ ಹುಡುಗಿಯ ತಲೆಯನ್ನೇ ಮತ್ತೆ ತೆರೆಯಬೇಕು.

"ರಾಧಮ್ಮ, ಕೈ ನಡುಗ್ತಿದೆಯಾ?" ಎನ್ನುತ್ತಾರೆ ಪ್ರಯೋಗಾಲಯದ ಡಾಕ್ಟರ್ ಸುಧಾಕರ್.

"ನೀವು ಪಕ್ಕದಲ್ಲಿ ನಿಂತ್ರೆ ನಡುಗ್ತದೆ ಸಾರ್. ಓಗಿ ಕಾಫಿ ಕುಡೀರಿ."

ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು ಕಾಯುವಾಗ ಅವರ ಮಾತು ಕೆ.ಜಿ.ಎಫ್.ನ ಲೈನ್ ಮನೆಗೆ, ಗಣಿ ಕಾರ್ಮಿಕರ ಸಾಲುಮನೆಗೆ, ಹೊರಳುತ್ತದೆ. ತಂದೆ ಮುನಿಶಾಮಿ ಚಿನ್ನದ ಗಣಿಯೊಳಗೆ ದುಡಿದವರು. "ಗಣಿ ಸೈರನ್ ನಿಂತು ಎಷ್ಟೋ ವರ್ಷ ಆಯ್ತು. ಈಗ್ಲೂ ಆ ಒತ್ತಿಗೇ ಎಚ್ಚರ ಆಗ್ತದೆ. ಶುಕ್ರವಾರ ಅಪ್ಪ ಮುರುಗನ್ ಪಾಟ್ಟು ರಾಗವಾಗಿ ಆಡೋರು, ಇಡೀ ಲೈನ್ ಬಾಗ್ಲಿಗೆ ಬರೋದು. ಆಮೇಲೆ ಕೆಮ್ಮು. ಅಲ್ಲಿ ಎಲ್ರ ಕೆಮ್ಮಿಗೂ ಒಂದೇ ಎಸ್ರು, ಟಿ.ಬಿ. ಅಪ್ಪ ಆ ಮಾತ್ರೇನೇ ನುಂಗಿ ನುಂಗಿ ಸಾಕಾದ್ರು. ಕೊನೇಗೆ ನೋಡಿದ್ರೆ ಎದೇಲಿ ತುಂಬಿದ್ದು ಗಣಿ ಕಲ್ಲಿನ ಧೂಳು."

ರೋಗದ ಹೆಸರೇ ತಿಳಿಯದೆ ಒಬ್ಬರನ್ನು ಕಳೆದುಕೊಂಡ ಮನೆಯವರಿಗೆ ಈ ಮಾತಿನ ಭಾರ ಗೊತ್ತು.

ರಾಧಾಮಣಿ ಕಣ್ಣುಮುಚ್ಚಿ ಒಂದು ಕ್ಷಣ ಕೈಮುಗಿಯುತ್ತಾರೆ. ಚಕ್ರ ತಿರುಗುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಪದರಗಳು ಸಣ್ಣ ಪಟ್ಟಿಯಾಗಿ ಇಳಿಯುತ್ತವೆ. ಪರೀಕ್ಷೆಗೆ ಬೇಕಾದಷ್ಟು ಸಿಕ್ಕಿದೆ. ಅಂದೇ ಗಾಜುಗಳು ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತವೆ.

ಕೆಲವು ವಾರಗಳ ಮೇಲೆ ನಾನು ಮತ್ತೆ ಹೋದಾಗ ಫಲಿತಾಂಶ ಬಂದಿದೆ. ದೇವರ ದಯೆ, ಅದು ಅಪರೂಪದ ಜಾತಿಯೇ, ಚಿಕಿತ್ಸೆ ಬದಲಾಗಿದೆ. ಲಿಖಿತಳ ತಂದೆ ಕೋದಂಡಪ್ಪ ಅವರೆಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಅದರ ಎಸ್ರು ನನ್ನ ನಾಲ್ಗೆಗೆ ಬರಲ್ಲ ತಾಯಿ. ತಲೆ ಮಾತ್ರ ಮತ್ತೆ ಕುಯ್ಯಂಗಿಲ್ವಂತೆ. ಅಷ್ಟು ಸಣ್ಣ ಚೂರ್ನ ಕುಯ್ದೋರು ಯಾರಮ್ಮ?"

"ಡಾಕ್ಟ್ರು ಒಳಗವ್ರೆ, ಓಗಣ್ಣ," ಎಂದು ರಾಧಾಮಣಿ ಕಳಿಸಿಬಿಡುತ್ತಾರೆ.

ಕೊಯ್ದದ್ದು ತಾವೇ ಎಂದು ಏಕೆ ಹೇಳಲಿಲ್ಲವೆಂದು ಕೇಳಿದರೆ, ಕುಂಚ ತೊಳೆಯುತ್ತ ನಗುತ್ತಾರೆ. "ನನ್ನ ಮುಖ ಕಂಡಾಗೆಲ್ಲ ಅವರ್ಗೆ ಆ ಗಡ್ಡೇನೇ ನೆನಪಾಗ್ತದೆ. ಮರೀಲಿ ಸಾಮಿ. ಮಗು ಕಾಲೇಜಿಗೆ ಓಗ್ಲಿ."